ಸಿಂಪ್ಯೂಟರ್: ಅಂಗೈಯಗಲದ ಲಿನಕ್ಸ್ ಯಂತ್ರ ಪಾಸೋ ಫೇಲೋ?

ನಮ್ಮ ದೇಶದ ಕಂಪ್ಯೂಟರ್ ಚರಿತ್ರೆ ಬರೆಯುವವರು ಸಿಂಪ್ಯೂಟರ್ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬಂತು, ಸದ್ದು ಮಾಡಿತು, ಹೋಯಿತು ಅಂತ. ಅಲ್ಲಿಗೆ ಮುಗೀತು. ಬೆಂಗಳೂರಿನಲ್ಲಿ ಹುಟ್ಟಿ, ಮೊದಲಿನಿಂದಲೂ ಕನ್ನಡ ಮಾತಾಡಲೆಂದೇ ತಯಾರಾದ ಒಂದು ಯಂತ್ರಕ್ಕೆ ಈ ಒಂದು ಸಾಲಿನ ತೀರ್ಪು ಸಾಲದು ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೂ ಯಾವ ವಿಷಯದಲ್ಲಿ ಎಷ್ಟು ಬಂತು ಅಂತ ಮಾರ್ಕ್ಸ್ ಕಾರ್ಡ್ ಕೊಡುತ್ತಾರಲ್ಲ, ಹಾಗೆ ಇದಕ್ಕೂ ಒಂದು ಕೊಡೋಣ ಅಂತ ಕೂತಿದ್ದೇನೆ.

ಮೂರು ವಿಷಯ ಇಟ್ಟುಕೊಳ್ಳುತ್ತೇನೆ. ಒಂದು, ಯಂತ್ರ ಓಡಿತಾ, ಅಂದರೆ ಅದರ ಶಕ್ತಿ ಎಷ್ಟು. ಎರಡು, ಕೈಯಲ್ಲಿ ಹಿಡಿದವರಿಗೆ ಬಳಸಲು ಬಂತಾ. ಮೂರು, ಯಾರಿಗೋಸ್ಕರ ಮಾಡಿದರೋ ಅವರ ಕೆಲಸಕ್ಕೆ ಬಂತಾ. ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುವುದರಿಂದಲೇ ತೀರ್ಪು ಎಡವಟ್ಟಾಗುತ್ತದೆ.

ಮೊದಲು ಸ್ವಲ್ಪ ಹಳೆ ಕತೆ. 1998ರ ಅಕ್ಟೋಬರಿನಲ್ಲಿ ಬೆಂಗಳೂರು ಐಟಿ ಮೇಳದ ಜೊತೆಗೇ ಒಂದು ಅಂತಾರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಅನ್ನುವುದು ಅಲ್ಲಿನ ಚರ್ಚೆ. ಆಗ ಒಂದು ಒಳ್ಳೆಯ ಪಿಸಿ ತಗೊಳ್ಳಬೇಕೆಂದರೆ ನಲವತ್ತು ಐವತ್ತು ಸಾವಿರ ರೂಪಾಯಿ ಬೇಕಿತ್ತು. ಅದನ್ನಿಡಲು ಮೇಜು, ಸದಾ ಕರೆಂಟು, ಇಂಗ್ಲಿಷು, ಇವೆಲ್ಲ ಬೇರೆ. ಹಳ್ಳಿಗೆ ಇದು ಆಗುವ ಮಾತಲ್ಲ, ಬೇರೆಯದೇ ಒಂದು ಯಂತ್ರ ಬೇಕು ಅನ್ನುವ ಮಾತು ಅಲ್ಲಿ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಮೇಷ್ಟ್ರುಗಳು (ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್) ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಮೂವರು (ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್) ಸೇರಿಕೊಂಡರು. 1999ರ ನವೆಂಬರಿನಲ್ಲಿ ಸಿಂಪ್ಯೂಟರ್ ಟ್ರಸ್ಟ್ ಆಯಿತು. ಅಂದ ಹಾಗೆ, ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರೆ. ಇಲ್ಲಿ ಮುಂಬಯಿಯಲ್ಲಿ ಹಾಗಂದರೆ ಜನ ಕೊಲಾಬಾ ಕಡೆಗೋ ದೇವನಾರ್ ಕಡೆಗೋ ಕೈ ತೋರಿಸುತ್ತಾರೆ!

ಹೆಸರಿನ ಅರ್ಥ ಸರಳ, ಅಗ್ಗ, ಬಹುಭಾಷೆಯ ಕಂಪ್ಯೂಟರ್ ಅಂತ. 2001ರ ಏಪ್ರಿಲಿನಲ್ಲಿ ಮೊದಲ ಮಾದರಿಯನ್ನು ಜನರಿಗೆ ತೋರಿಸಿದರು. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು ಇರಬೇಕು ಅನ್ನುವುದು ಆಸೆ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬ್ರೂಸ್ ಸ್ಟರ್ಲಿಂಗ್ ಅನ್ನುವ ಲೇಖಕರು, ಆ ವರ್ಷದ ಕಂಪ್ಯೂಟರ್ ಜಗತ್ತಿನಲ್ಲಿ ಎಲ್ಲಕ್ಕಿಂತ ಮಹತ್ವದ್ದು ಇದೇ ಅನ್ನುವ ಅರ್ಥದಲ್ಲಿ ಬರೆದರು. ಆ ವರ್ಷ ಅಮೆರಿಕದಲ್ಲಿ ಐಪಾಡ್ ಬಂದಿತ್ತು, ವಿಂಡೋಸ್ ಎಕ್ಸ್‌ಪಿ ಬಂದಿತ್ತು ಅನ್ನುವುದನ್ನು ನೆನಪಿಟ್ಟುಕೊಂಡರೆ ಆ ಮಾತಿನ ತೂಕ ಗೊತ್ತಾಗುತ್ತದೆ. ನಾವು ಹೊರಗಿರುವ ಕನ್ನಡಿಗರಂತೂ ಆ ಸುದ್ದಿಯ ಕತ್ತರಿಕೆಯನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿ ಎದೆಯುಬ್ಬಿಸಿಕೊಂಡಿದ್ದೆವು.

ಈಗ ಮೊದಲ ವಿಷಯ, ಯಂತ್ರದ ಶಕ್ತಿ.

ಸಿಂಪ್ಯೂಟರಿನ ಒಳಗಿದ್ದ ಪ್ರೊಸೆಸರ್ ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್, ವೇಗ 206 ಮೆಗಾಹರ್ಟ್ಸ್. ಹಾರ್ಡ್ ಡಿಸ್ಕ್ ಇಲ್ಲ. ಅದರ ಬದಲು 32 ಎಂಬಿ ಫ್ಲ್ಯಾಶ್ ಮೆಮೊರಿ. ಪರದೆಯಲ್ಲಿ 320 ಅಡ್ಡ 240 ಚುಕ್ಕಿ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ, ಇವತ್ತು ಫೋನಿನಲ್ಲಿ ತೆಗೆದ ಹತ್ತು ಹದಿನೈದು ಫೋಟೊ ಇಟ್ಟರೆ ಆ 32 ಎಂಬಿ ಭರ್ತಿ! ಆದರೆ ಯಂತ್ರವನ್ನು ಅದರ ಕಾಲದ ಓರಗೆಯವರ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. 2000ದಲ್ಲಿ ಕಾಂಪ್ಯಾಕ್ ಕಂಪನಿಯ ಐಪ್ಯಾಕ್ ಅನ್ನುವ ಅಂಗೈ ಕಂಪ್ಯೂಟರ್ ಬಂತು. ಅದರ ಒಳಗೂ ಇದೇ 206 ಮೆಗಾಹರ್ಟ್ಸ್ ಸ್ಟ್ರಾಂಗ್‌ಆರ್ಮ್. 2002ರಲ್ಲಿ ಜಪಾನಿನ ಶಾರ್ಪ್ ಕಂಪನಿ ಝೌರಸ್ ಅನ್ನುವ ಲಿನಕ್ಸ್ ಯಂತ್ರವನ್ನು ಅಮೆರಿಕದಲ್ಲಿ ಮಾರಿತು. ಅದರಲ್ಲೂ ಇದೇ ಪ್ರೊಸೆಸರ್, ಇದೇ ವೇಗ. ಅವೆರಡಕ್ಕೂ ಬೆಲೆ ಸುಮಾರು 500 ಡಾಲರ್, ಅಂದಿನ ಲೆಕ್ಕದಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕು ಸಾವಿರ ರೂಪಾಯಿ. ಅಂದರೆ ಹಳ್ಳಿಯವರಿಗೆ ತಾನೇ, ಏನೋ ಒಂದು ಕೊಟ್ಟರಾಯಿತು ಅನ್ನುವ ಮನೋಭಾವ ಇಲ್ಲಿರಲಿಲ್ಲ. ನ್ಯೂಯಾರ್ಕಿನ ಸೂಟು ಬೂಟಿನವನ ಜೇಬಿನಲ್ಲಿದ್ದ ಎಂಜಿನ್ನೇ ಇದರೊಳಗೂ ಇತ್ತು. ಈ ಸಂಗತಿ ನನಗೆ ಈಗಲೂ ಇಷ್ಟ.

ಲಿನಕ್ಸನ್ನೇ ಯಾಕೆ ಆರಿಸಿಕೊಂಡರು ಅನ್ನುವುದಕ್ಕೆ ಲೆಕ್ಕ ಸುಲಭ. ಪ್ರತಿ ಯಂತ್ರಕ್ಕೂ ಇಷ್ಟು ಅಂತ ಲೈಸೆನ್ಸ್ ದುಡ್ಡು ಕಟ್ಟಬೇಕಿಲ್ಲ. ಒಂಬತ್ತು ಸಾವಿರದ ಯಂತ್ರದಲ್ಲಿ ನೂರು ರೂಪಾಯಿಯೂ ದೊಡ್ಡದೇ. ಅದಕ್ಕಿಂತ ಮುಖ್ಯವಾದದ್ದು, ಲಿನಕ್ಸಿನ ಒಳಗನ್ನು ಬಿಚ್ಚಿ ನಮಗೆ ಬೇಕಾದ ಹಾಗೆ ತಿದ್ದಬಹುದು. ಕನ್ನಡ ಬೇಕಾ, ಯಾರ ಅಪ್ಪಣೆಗೂ ಕಾಯದೆ ನಾವೇ ಸೇರಿಸಿಕೊಳ್ಳಬಹುದು. ಟ್ರಸ್ಟಿನವರು ಇದೇ ತತ್ವವನ್ನು ಯಂತ್ರದ ವಿನ್ಯಾಸಕ್ಕೂ ಹಚ್ಚಿದರು. ಸರ್ಕ್ಯೂಟಿನ ವಿನ್ಯಾಸವನ್ನೇ ಒಂದು ಲೈಸೆನ್ಸಿನಡಿ ಬಿಡುಗಡೆ ಮಾಡಿ, ಯಾರು ಬೇಕಾದರೂ ತಯಾರಿಸಿ, ಆದರೆ ನೀವು ಮಾಡಿದ ಸುಧಾರಣೆಯನ್ನು ಸ್ವಲ್ಪ ಕಾಲದ ನಂತರ ಹಿಂದಿರುಗಿಸಿ ಅಂದರು. ಸಾಫ್ಟ್‌ವೇರಿನಲ್ಲಿ ಈ ಪದ್ಧತಿ ಮೊದಲೇ ಇತ್ತು, ಹಾರ್ಡ್‌ವೇರಿಗೆ ಹೀಗೆ ಮಾಡುವುದು ಆಗ ಬಹಳ ಅಪರೂಪ.

ಆದರೆ ಲಿನಕ್ಸನ್ನು ಇಷ್ಟು ಚಿಕ್ಕ ಜಾಗದಲ್ಲಿ ಕೂರಿಸುವುದು ಮುಂಬಯಿಯ ಒಂದು ಕೋಣೆಯ ಚಾಳಿನಲ್ಲಿ ಎಂಟು ಜನರ ಸಂಸಾರ ನಡೆಸಿದ ಹಾಗೆ. ಏನಿಡಬೇಕು, ಏನು ಬಿಡಬೇಕು ಅನ್ನುವುದೇ ಸಾಮರ್ಥ್ಯ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮೆಮೊರಿ ಸಾಲದಿದ್ದರೆ ಹಾರ್ಡ್ ಡಿಸ್ಕಿನ ಒಂದು ಮೂಲೆಯನ್ನು ತಾತ್ಕಾಲಿಕವಾಗಿ ಬಳಸಿಕೊಳ್ಳಬಹುದು. ಫ್ಲ್ಯಾಶ್ ಮೆಮೊರಿಯಲ್ಲಿ ಹಾಗೆ ಮಾಡುವಂತಿಲ್ಲ, ಪದೇ ಪದೇ ಬರೆದು ಅಳಿಸಿದರೆ ಅದು ಸವೆಯುತ್ತದೆ. ಇನ್ನೊಂದು ತೊಡಕು, ಸ್ಟ್ರಾಂಗ್‌ಆರ್ಮ್‌ನಲ್ಲಿ ದಶಾಂಶದ ಲೆಕ್ಕ ಮಾಡುವ ಪ್ರತ್ಯೇಕ ಅಂಗವೇ ಇಲ್ಲ. ಅಂಥ ಲೆಕ್ಕ ಬಂದರೆ ಸಾಫ್ಟ್‌ವೇರಿನಲ್ಲೇ ಸುತ್ತಿ ಬಳಸಿ ಮಾಡಬೇಕು, ನಿಧಾನವಾಗುತ್ತದೆ. ಆದ್ದರಿಂದ ಬರೆಯುವವರು ಆದಷ್ಟೂ ಪೂರ್ಣಾಂಕಗಳಲ್ಲೇ ಕೆಲಸ ಮುಗಿಸುವುದನ್ನು ಕಲಿಯಬೇಕು.

ಇಷ್ಟೆಲ್ಲ ಇಕ್ಕಟ್ಟಿನಲ್ಲಿ ಅದು ಕನ್ನಡ ಓದಿ ಹೇಳುತ್ತಿತ್ತು ನೋಡಿ! ರಮೇಶ್ ಹರಿಹರನ್ ಅವರು ಬರೆದ ಆ ಸಾಫ್ಟ್‌ವೇರಿನ ಹೆಸರು 'ಧ್ವನಿ'. ಉಪಾಯ ಸರಳ. ಭಾಷೆಯ ಚಿಕ್ಕ ಚಿಕ್ಕ ಸದ್ದಿನ ತುಣುಕುಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಬರೆದ ಪದಕ್ಕೆ ತಕ್ಕಂತೆ ಅವನ್ನು ಒಂದಕ್ಕೊಂದು ಹೊಲಿಯುವುದು. ಇಂಗ್ಲಿಷಿನಲ್ಲಿ ಇದು ಕಷ್ಟ, ಅಲ್ಲಿ ಬರೆಯುವುದೊಂದು ಓದುವುದೊಂದು. ಹಿಂದಿಯಲ್ಲೂ ಸ್ವಲ್ಪ ತಕರಾರು ಇದೆ, 'ರಾಮ' ಅಂತ ಬರೆದು 'ರಾಮ್' ಅಂತ ಓದಬೇಕು, ಎಲ್ಲಿ ಅಕಾರ ನುಂಗಬೇಕು ಅನ್ನುವುದನ್ನು ಯಂತ್ರಕ್ಕೆ ಹೇಳಿಕೊಡಬೇಕು. ಕನ್ನಡದಲ್ಲಿ ಬಹುಮಟ್ಟಿಗೆ ಬರೆದದ್ದೇ ಓದು. ಹಾಗಾಗಿ ದೊಡ್ಡ ನಿಘಂಟಿಲ್ಲದೆ, ಚಿಕ್ಕ ಜಾಗದಲ್ಲಿ, ಬಡಪಾಯಿ ಪ್ರೊಸೆಸರಿನಲ್ಲೂ ಕೆಲಸ ಸಾಗುತ್ತದೆ. ದನಿ ಯಂತ್ರದ್ದೇ, ಏರಿಳಿತ ಇಲ್ಲ, ಪಾಠ ಒಪ್ಪಿಸುವ ಹುಡುಗನ ಹಾಗೆ. ಆದರೆ ಅರ್ಥವಾಗುತ್ತದೆ. ಮೊದಲ ವಿಷಯದಲ್ಲಿ ನಾನು ಧಾರಾಳವಾಗಿ ಫಸ್ಟ್ ಕ್ಲಾಸ್ ಕೊಡುತ್ತೇನೆ.

ಎರಡನೆಯದು, ಕೈಗೆ ಬಂದಾಗ ಹೇಗೆ?

ಇದರಲ್ಲಿ ಕೀಲಿಮಣೆ ಇಲ್ಲ. ಪ್ಲಾಸ್ಟಿಕ್ ಕಡ್ಡಿಯಿಂದ ಪರದೆಯನ್ನು ಮುಟ್ಟಬೇಕು. ಕನ್ನಡದ ಕೀಲಿಮಣೆಯ ಜಗಳ ಗೊತ್ತಿದ್ದವರಿಗೆ ಇದರ ಮಹತ್ವ ತಿಳಿಯುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಗುಂಡಿಗಳಲ್ಲಿ ನಮ್ಮ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಹೇಗೆ ತೂರಿಸುವುದು ಅನ್ನುವ ಸಮಸ್ಯೆಗೆ ಒಂದು ಚೊಕ್ಕ ಪರಿಹಾರ ಕೊಟ್ಟವರು ಕೆ.ಪಿ. ರಾವ್. ಅವರೂ ನಮ್ಮ ಮುಂಬಯಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಆದರೆ ಕೀಲಿಮಣೆ ಎಷ್ಟೇ ಚೆನ್ನಾಗಿರಲಿ, ಅಕ್ಷರವೇ ಬಾರದವರಿಗೆ ಅದು ಪ್ರಯೋಜನವಿಲ್ಲ. ಸಿಂಪ್ಯೂಟರಿನವರು ಅಲ್ಲಿಂದಲೇ ಶುರುಮಾಡಿದರು. ಚಿತ್ರ ನೋಡು, ಮುಟ್ಟು, ಕೇಳಿಸಿಕೋ. ಇದಕ್ಕೆಂದೇ ಐಎಂಎಲ್ ಅನ್ನುವ ಪುಟ ಬರೆಯುವ ಒಂದು ಪದ್ಧತಿಯನ್ನೂ ಕಟ್ಟಿದರು. ಆ ಪುಟ ಚಿತ್ರ, ಅಕ್ಷರ, ದನಿ ಮೂರನ್ನೂ ಒಟ್ಟಿಗೆ ಹೊರುತ್ತದೆ.

ಪರದೆಯ ವಿಷಯದಲ್ಲಿ ಕನ್ನಡಕ್ಕೆ ಒಂದು ತಾಪತ್ರಯ ಇತ್ತು. ಯಂತ್ರವನ್ನು ಉದ್ದಕ್ಕೆ ಹಿಡಿದರೆ ಮೇಲಿನಿಂದ ಕೆಳಗೆ 320 ಚುಕ್ಕಿ. ಇಂಗ್ಲಿಷಿನ ಒಂದು ಸಾಲಿಗೆ 12 ಚುಕ್ಕಿ ಸಾಕು ಅಂದುಕೊಳ್ಳಿ, 26 ಸಾಲು ಹಿಡಿಯುತ್ತದೆ. ಕನ್ನಡದಲ್ಲಿ 'ಸ್ತ್ರೀ', 'ರಾಷ್ಟ್ರ' ಅಂತೆಲ್ಲ ಬರೆದಾಗ ಮೇಲೆ ಗುಡಿಸು, ಕೆಳಗೆ ಒತ್ತಿನ ಕೆಳಗೊಂದು ಒತ್ತು. ಓದಲು ಬರುವಂತೆ ಮಾಡಬೇಕೆಂದರೆ 24 ಚುಕ್ಕಿಯಾದರೂ ಬೇಕು, ಅಲ್ಲಿಗೆ 13 ಸಾಲು. ಅಂದರೆ ಒಂದೇ ಪರದೆಯಲ್ಲಿ ಇಂಗ್ಲಿಷಿನವನು ಒಂದು ಪುಟ ಓದಿದರೆ ಕನ್ನಡದವನಿಗೆ ಅರ್ಧ ಪುಟ, ಪುಟ ತಿರುಗಿಸುವ ಕೆಲಸ ಎರಡರಷ್ಟು.

ಈ ಪುಟ ತಿರುಗಿಸುವುದಕ್ಕೆ ಅವರು ಕೊಟ್ಟ ಉತ್ತರ ಸೊಗಸಾಗಿತ್ತು. 2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಕಂಪನಿ ಮತ್ತು ಬೆಂಗಳೂರಿನ ಬಿಇಎಲ್ ಸೇರಿ ಅಮಿಡಾ ಸಿಂಪ್ಯೂಟರ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಅದರೊಳಗೆ ಅಲುಗಾಟವನ್ನು ಗ್ರಹಿಸುವ ಒಂದು ಚಿಪ್ ಇತ್ತು. ಮಣಿಕಟ್ಟನ್ನು ಸ್ವಲ್ಪ ಕೊಡವಿದರೆ ಪುಟ ತಿರುಗುತ್ತಿತ್ತು. ಬೆಂಗಳೂರಿನ ನೆಂಟರೊಬ್ಬರ ಮನೆಯಲ್ಲಿ ಒಮ್ಮೆ ನಾನೂ ಅದನ್ನು ಹಿಡಿದು ಕೊಡವಿ ನೋಡಿದ್ದೇನೆ. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಕಡ್ಡಿ ಹಿಡಿಯಲು ಹಿಂಜರಿದವರು, ಕೊಡವುವುದನ್ನು ಮಾತ್ರ ಎರಡೇ ಸಲಕ್ಕೆ ಕಲಿತುಬಿಟ್ಟರು. "ಮೊರದಲ್ಲಿ ಅಕ್ಕಿ ಕೇರಿದ ಹಾಗಲ್ಲವೇನೋ ಇದು" ಅಂದರು. ಐಫೋನ್ ಬಂದದ್ದು ಇದಾಗಿ ಮೂರು ವರ್ಷದ ಮೇಲೆ, 2007ರಲ್ಲಿ.

ಇನ್ನು ಹಂಚಿಕೊಂಡು ಬಳಸುವ ವಿಚಾರ. ಒಬ್ಬ ರೈತನಿಗೆ ಒಂಬತ್ತು ಸಾವಿರ ಜಾಸ್ತಿ, ಆದರೆ ಊರಿಗೆ ಒಂದು ಯಂತ್ರ, ಮನೆಗೊಂದು ಸ್ಮಾರ್ಟ್ ಕಾರ್ಡ್ ಆದರೆ ಹೇಗೆ? ನಿಮ್ಮ ಕಾರ್ಡನ್ನು ತೂರಿಸಿದರೆ ಯಂತ್ರ ನಿಮ್ಮದಾಗುತ್ತದೆ, ನಿಮ್ಮ ಲೆಕ್ಕ, ನಿಮ್ಮ ಭಾಷೆ, ನಿಮ್ಮ ವಿವರ. ತೆಗೆದರೆ ಪಕ್ಕದ ಮನೆಯವರದು. ಲೈಬ್ರರಿ ಕಾರ್ಡಿನ ಹಾಗೆ. ಕಾಗದದ ಮೇಲೆ ಇದಕ್ಕಿಂತ ಚಂದದ ಉಪಾಯ ಇಲ್ಲ. ಕರೆಂಟಿನ ಕಷ್ಟಕ್ಕೂ ಮೊದಲ ವಿನ್ಯಾಸದಲ್ಲಿ ಸಣ್ಣ ಪೆನ್ಸಿಲ್ ಸೆಲ್‌ಗಳ ಏರ್ಪಾಡು ಇತ್ತು. ಅವೇನು, ಯಾವ ಗೂಡಂಗಡಿಯಲ್ಲೂ ಸಿಗುತ್ತವೆ.

ಎರಡನೆಯ ವಿಷಯದಲ್ಲೂ ಪಾಸು, ಸೆಕೆಂಡ್ ಕ್ಲಾಸ್. ಕಡಿಮೆ ಮಾಡಿದ್ದು ಯಾಕೆಂದರೆ ಚಿಕ್ಕ ಪರದೆಯ ಮೇಲೆ ಕಡ್ಡಿಯಲ್ಲಿ ಕನ್ನಡ ಬರೆಯುವುದು ಕುಶಲದ ಕೆಲಸ. ಓದಲು ಕೇಳಲು ಸುಲಭ, ಬರೆಯಲು ಅಷ್ಟು ಸುಲಭವಲ್ಲ.

ಈಗ ಮೂರನೆಯದು. ಇಲ್ಲಿ ಬರುತ್ತದೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು.

ಮೊದಲು 50,000 ಯಂತ್ರ ಮಾರುವ ಗುರಿ ಇತ್ತು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000. ನೂರಕ್ಕೆ ಎಂಟು! ಬೆಲೆಯೂ ಅಂದುಕೊಂಡ ಹಾಗೆ ಇಳಿಯಲಿಲ್ಲ. ಅಮಿಡಾದ ಕಪ್ಪು ಬಿಳುಪು ಮಾದರಿ ಹತ್ತು ಸಾವಿರಕ್ಕೆ ಐವತ್ತು ಕಡಿಮೆ, ಬಣ್ಣದ ಪರದೆಯದು ಇಪ್ಪತ್ತು ಸಾವಿರಕ್ಕೆ ಹತ್ತಿರ. ಲಕ್ಷಗಟ್ಟಲೆ ಮಾಡಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಲಕ್ಷಗಟ್ಟಲೆ ಹೋಗುತ್ತದೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಬೆಲೆ ಮಾತ್ರ ಕಾರಣ ಅಂತ ನನಗನ್ನಿಸುವುದಿಲ್ಲ. ಅದಕ್ಕೆ ನಮ್ಮಂಥ ಊರು ಬಿಟ್ಟವರಿಗೆ ಚೆನ್ನಾಗಿ ಗೊತ್ತಿರುವ ಒಂದು ಉದಾಹರಣೆ ಕೊಡುತ್ತೇನೆ. ಎಸ್‌ಟಿಡಿ ಬೂತು. ರಾತ್ರಿ ಅರ್ಧ ದರ, ಕಾಲು ದರ ಆಗುವುದನ್ನೇ ಕಾದು, ಮಾಟುಂಗಾದಲ್ಲೋ ಡೊಂಬಿವಿಲಿಯಲ್ಲೋ ಹಳದಿ ಬೋರ್ಡಿನ ಕೆಳಗೆ ಸಾಲಾಗಿ ನಿಂತು, ಊರಿನ ಅಂಗಡಿಯ ನಂಬರಿಗೆ ಫೋನ್ ಮಾಡಿ, "ಸ್ವಲ್ಪ ನಮ್ಮನೆಯವರನ್ನ ಕರೀತೀರಾ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ" ಅಂದವರು ನಾವು. ಅದೂ ಹಂಚಿಕೊಂಡ ಯಂತ್ರವೇ. ಒಂದು ಫೋನು, ನೂರಾರು ಜನ. ಆದರೆ ಅದು ದೇಶದ ತುಂಬ ಗೆದ್ದಿತು. ಯಾಕೆ? ಬೂತಿನವನಿಗೆ ಪ್ರತಿ ಕರೆಯಲ್ಲೂ ನಾಲ್ಕು ಕಾಸು ಸಿಗುತ್ತಿತ್ತು, ಅದಕ್ಕೇ ಅವನು ರಾತ್ರಿ ಹನ್ನೊಂದರ ನಂತರವೂ ಬಾಗಿಲು ತೆರೆದಿಡುತ್ತಿದ್ದ. ಮತ್ತೆ ಕೊನೆಗೆ ಆ ಕಡೆಯಿಂದ ಅಮ್ಮನ ದನಿ ಕೇಳುತ್ತಿತ್ತು. ಅದಕ್ಕಾಗಿ ಯಾರಾದರೂ ದುಡ್ಡು ಕೊಡುತ್ತಾರೆ.

ಸಿಂಪ್ಯೂಟರಿಗೆ ಹೀಗೆ ದಿನವೂ ಬರಲೇಬೇಕಾದ ಕಾರಣ ಇರಲಿಲ್ಲ. ಮಾರುಕಟ್ಟೆ ಧಾರಣೆ ಓದಿ ಹೇಳುತ್ತದೆ ಸರಿ, ಆದರೆ ಆ ಧಾರಣೆಯನ್ನು ದಿನಾ ಬೆಳಗ್ಗೆ ಕನ್ನಡದಲ್ಲಿ ತುಂಬಿಸುವವರು ಯಾರು? ಯಂತ್ರ ಅದನ್ನು ತರಿಸಿಕೊಳ್ಳುವುದು ಯಾವ ತಂತಿಯಿಂದ? ಮೋಡೆಮ್ ಜೋಡಿಸಲು ಫೋನ್ ಲೈನ್ ಬೇಕು, ಹಳ್ಳಿಯಲ್ಲಿ ಆಗ ಆ ಲೈನೇ ಅಪರೂಪ. ಊರಿಗೊಂದು ಯಂತ್ರ ಅಂದರೆ ಅದನ್ನು ಇಟ್ಟುಕೊಳ್ಳುವವರು ಒಬ್ಬರು ಬೇಕು, ಅವರಿಗೆ ಅದರಲ್ಲಿ ಏನು ಸಿಗುತ್ತದೆ? ಅಂಗೈಯಲ್ಲಿ ಹಿಡಿಯುವ ವಸ್ತು ಎಲ್ಲರದೂ ಅಂದರೆ ಕೊನೆಗೆ ಯಾರದೋ ಬೀರುವಿನೊಳಗೆ ಬೀಗ ಹಾಕಿಕೊಂಡು ಕೂರುತ್ತದೆ. ಸರ್ಕಾರಿ ಶಾಲೆಯ ಗ್ಲೋಬು, ನಕಾಶೆಗಳ ಗತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಮೊಬೈಲ್ ಬಂತು. 2003ರ ಮೇ ತಿಂಗಳಿಂದ ಒಳಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು. ಅದೇ ವರ್ಷ ಜುಲೈಯಲ್ಲಿ ರಿಲಯನ್ಸ್‌ನವರು ಮೊದಲಿಗೆ 501 ರೂಪಾಯಿ ಕಟ್ಟಿ ಫೋನ್ ತಗೊಂಡು ಹೋಗಿ ಅಂದರು. ಅದೇ ವರ್ಷವೇ ಟಾರ್ಚ್ ಇದ್ದ ನೋಕಿಯಾ 1100 ಬಂತು, ಜಗತ್ತಿನಲ್ಲಿ ಇಪ್ಪತ್ತೈದು ಕೋಟಿಗೂ ಹೆಚ್ಚು ಮಾರಾಟವಾಯಿತು. ರಿಲಯನ್ಸ್ ಫೋನಿನ ಹಿಂದಂತೂ ಅದರ ಬೆಲೆಯನ್ನು ಮಾತಿನ ಬಿಲ್ಲಿನಲ್ಲಿ ವಸೂಲು ಮಾಡುವ ಕಂಪನಿಯೇ ಇತ್ತು. ಸಿಂಪ್ಯೂಟರಿನ ಹಿಂದೆ ಹಾಗೆ ಕೈ ಹಿಡಿಯುವವರು ಇರಲಿಲ್ಲ. ನೋಕಿಯಾ 1100 ಸಿಂಪ್ಯೂಟರಿನ ಎದುರು ಶಕ್ತಿಯಲ್ಲಿ ಏನೇನೂ ಅಲ್ಲ, ಚಿತ್ರ ತೋರಿಸುವುದಿಲ್ಲ, ಏನನ್ನೂ ಓದಿ ಹೇಳುವುದಿಲ್ಲ. ಆದರೆ ಅಕ್ಷರ ಬಾರದವರಿಗೂ ಅದು ಬೇಕಾಯಿತು, ಯಾಕೆಂದರೆ ಅದರೊಳಗೆ ಮಾತಾಡುವುದು ಮನುಷ್ಯರು. ಯಂತ್ರಕ್ಕೆ ಕನ್ನಡ ಕಲಿಸುವ ಕಷ್ಟವೇ ಅಲ್ಲಿ ಇಲ್ಲ!

ಹಾಗಾದರೆ ಸಿಂಪ್ಯೂಟರ್ ಎಲ್ಲಿಗೆ ಹೋಯಿತು? ಕರ್ನಾಟಕದಲ್ಲಿ ಭೂಮಿ ಯೋಜನೆಗೆ ಹೋಯಿತು. ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿಸಿ ಕೊಡುತ್ತಿದ್ದ ಯೋಜನೆ ಅದು. ಹೊಲದ ಬದುವಿನ ಮೇಲೆ ನಿಂತು ವಿವರ ದಾಖಲಿಸಲು ಗ್ರಾಮ ಲೆಕ್ಕಿಗರ ಕೈಗೆ ಸಿಂಪ್ಯೂಟರ್ ಕೊಟ್ಟರು. ಛತ್ತೀಸ್‌ಗಢದಲ್ಲಿ ಶಾಲೆಯ ಮಕ್ಕಳ ಕೈಗೆ ಬಂತು. ಮೈಸೂರಿನ ಕಡೆ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಸಂಸ್ಥೆಯಲ್ಲಿ, ಗೋವಾದಲ್ಲಿ ಗಣಿಯಿಂದ ಬಂದರಿಗೆ ಹೋಗುವ ಅದಿರಿನ ಲೆಕ್ಕದಲ್ಲಿ, ಇಲ್ಲಿ ಮುಂಬಯಿಯಲ್ಲಿ ವಾಹನದ ಎಂಜಿನ್ ಪರೀಕ್ಷೆಯಲ್ಲಿ ಬಳಕೆಯಾಯಿತು.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ಶಾಲೆ ಒಂದನ್ನು ಬಿಟ್ಟರೆ ಎಲ್ಲ ಕಡೆಯೂ ಯಂತ್ರ ಇದ್ದದ್ದು ಸಂಬಳ ತಗೊಳ್ಳುವ ಒಬ್ಬರ ಕೈಯಲ್ಲಿ. ಲೆಕ್ಕಿಗ, ಸಾಲದ ಏಜೆಂಟು, ಗುಮಾಸ್ತ, ಮೆಕ್ಯಾನಿಕ್. ರೈತನಿಗೆ ಅಂತ ಮಾಡಿದ್ದು ರೈತನ ಬಗ್ಗೆ ಬರೆದುಕೊಳ್ಳುವವರ ಕೈಗೆ ಹೋಯಿತು. ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಣ್ಣನನ್ನು ಕೇಳಿದೆ, ಪಹಣಿಗೆ ಎಷ್ಟೋ ಸಲ ತಾಲೂಕು ಕಚೇರಿಗೆ ಅಲೆದವನು. "ಶಾನುಭೋಗರ ಹತ್ರ ಮುಂಚೆ ದೊಡ್ಡ ಪುಸ್ತಕ ಇರ್ತಿತ್ತು. ಕೈಲಿ ಮಷಿನ್ ಇದ್ರೂ ನಮಗೇನು, ಅದರ ಮುಖ ನಮ್ಮ ಕಡೆ ತಿರುಗಿರಲ್ವಲ್ಲ ಮಾರಾಯ" ಅಂದ. ಬಳಸಲು ಸುಲಭವಾ ಅನ್ನುವ ಪ್ರಶ್ನೆಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಉತ್ತರ ಹೇಳಿರಲಿಲ್ಲ. ಪರದೆಯ ಗಾತ್ರ, ಚುಕ್ಕಿ, ಮೆಗಾಹರ್ಟ್ಸ್ ಎಲ್ಲ ಅಳೆಯುತ್ತೇವೆ. ಪರದೆ ಯಾರ ಕಡೆಗೆ ತಿರುಗಿದೆ ಅನ್ನುವುದನ್ನು ಅಳೆಯುವುದಿಲ್ಲ.

ಆದ್ದರಿಂದ ಮೂರನೆಯ ವಿಷಯದಲ್ಲಿ ಫೇಲು. ಅದನ್ನು ಮುಚ್ಚಿಡಬೇಕಿಲ್ಲ.

ಆದರೂ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. ಎನ್‌ಕೋರ್‌ನವರು 2005ರಲ್ಲಿ ಮೊಬಿಲಿಸ್ ಅನ್ನುವ ದೊಡ್ಡ ಪರದೆಯ ಯಂತ್ರ ತೋರಿಸಿದರು. ಪಿಕೋಪೀಟಾವನ್ನು 2006ರಲ್ಲಿ ಮುಂಬಯಿಯ ಜಿಯೋಡೆಸಿಕ್ ಕಂಪನಿ ಕೊಂಡುಕೊಂಡಿತು. 'ಧ್ವನಿ' ಮುಕ್ತ ಸಾಫ್ಟ್‌ವೇರ್ ಆಯಿತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಮುಂದುವರಿಸಿ ಮಲಯಾಳಂ ಮತ್ತು ಇತರ ಭಾಷೆಗಳನ್ನು ಸೇರಿಸಿದರು. ಆಸ್ಪತ್ರೆ, ಪಹಣಿ, ಧಾರಣೆ ಎಲ್ಲ ಬಿಟ್ಟು ಅದು ಕಣ್ಣು ಕಾಣದವರ ಕಂಪ್ಯೂಟರಿಗೆ ಹತ್ತಿರವಾಯಿತು. 2008ರಲ್ಲಿ ಆಂಡ್ರಾಯ್ಡ್ ಫೋನ್ ಬಂತು, ಅದರ ತಳದಲ್ಲಿರುವುದು ಲಿನಕ್ಸ್. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೋಫೋನ್ ಬಂತು, ಅದರ ತಳದಲ್ಲೂ ಲಿನಕ್ಸೇ. ಇವು ಸಿಂಪ್ಯೂಟರಿನ ಮಕ್ಕಳಲ್ಲ, ಆ ಗೋತ್ರ ಬೇರೆ. ಆದರೆ 1998ರಲ್ಲಿ ಬೆಂಗಳೂರಿನಲ್ಲಿ ಕೂತು ಹೇಳಿದ್ದರಲ್ಲ, ಕಡಿಮೆ ಬೆಲೆಯ, ಅಂಗೈಯಗಲದ, ನಮ್ಮ ಭಾಷೆ ಓದಿ ಹೇಳುವ, ಮುಟ್ಟಿದರೆ ಓಗೊಡುವ ಲಿನಕ್ಸ್ ಯಂತ್ರ ಪ್ರತಿ ಹಳ್ಳಿಗೂ ಬರಬೇಕು ಅಂತ. ಬಂತು. ಹೇಳಿದವರ ಕೈಯಿಂದ ಬರಲಿಲ್ಲ ಅಷ್ಟೇ.

ಈ ಕತೆಯಲ್ಲಿ ನಮ್ಮ ಪಾಲೂ ಒಂದಿದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಅಷ್ಟಿಷ್ಟು ಮಾತೂ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ. ಎಷ್ಟು ಮನೆಗಳಲ್ಲಿ ಹೀಗಿಲ್ಲ ಹೇಳಿ? ಅಕ್ಷರ ಬಾರದ ರೈತ ಅಂತ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಯಂತ್ರ ಮಾಡಿದರೋ, ಕನ್ನಡದ ಮಟ್ಟಿಗೆ ಆ ಜಾಗದಲ್ಲಿ ಈಗ ಇಂಜಿನಿಯರಿಂಗ್ ಓದಿದ ನನ್ನ ಮಗಳು ನಿಂತಿದ್ದಾಳೆ. ಊರಿನಿಂದ ಅವಳ ದೊಡ್ಡಮ್ಮ ಕನ್ನಡದಲ್ಲಿ ಮೆಸೇಜು ಕಳಿಸಿದರೆ ಫೋನಿಗೆ ಓದಿ ಹೇಳು ಅನ್ನುತ್ತಾಳೆ, ಅದು ಓದುತ್ತದೆ, ಇವಳು ನಗುತ್ತಾಳೆ, ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುತ್ತಾಳೆ. ಓದಲು ಬಾರದವರಿಗೆ ಯಂತ್ರ ಕನ್ನಡ ಓದಿ ಹೇಳಬೇಕು ಅನ್ನುವ ಯೋಚನೆಯನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಕೂರಿಸಿ ತೋರಿಸಿದ್ದು ಸಿಂಪ್ಯೂಟರ್. ಇಷ್ಟರಿಂದ ಸಮಾಧಾನ ಪಡಬೇಕೋ, ಇವಳಿಗೆ ಕೂರಿಸಿ ಅಕ್ಷರ ಕಲಿಸಬೇಕೋ ಅಂತ ನನ್ನ ಹೆಂಡತಿ ದಿನಾ ಕೇಳುತ್ತಾಳೆ. ನಾನು ಎರಡನೆಯದರ ಪರ. ಫೋನು ಓದಿ ಹೇಳಬಲ್ಲದು, ದೊಡ್ಡಮ್ಮನಿಗೆ ತನ್ನ ಕೈಯಾರೆ ನಾಲ್ಕು ಸಾಲು ಉತ್ತರ ಬರೆಯುವ ಸುಖವನ್ನು ಅದು ಕೊಡಲಾರದು.

ಒಟ್ಟು ಮಾರ್ಕ್ಸ್ ಕಾರ್ಡ್ ಹೀಗಾಯಿತು: ಶಕ್ತಿಯಲ್ಲಿ ಫಸ್ಟ್ ಕ್ಲಾಸ್, ಕೈಬಳಕೆಯಲ್ಲಿ ಸೆಕೆಂಡ್ ಕ್ಲಾಸ್, ಉದ್ದೇಶದಲ್ಲಿ ಫೇಲು. ನಿಮ್ಮ ಲೆಕ್ಕ ಬೇರೆಯಿದ್ದರೆ ಹೇಳಿ, ಜಗಳವಾಡೋಣ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆಯ ಸಿಂಪ್ಯೂಟರ್ ಒಂದು ಕಪಾಟಿನ ಮೂಲೆಯಲ್ಲಿದ್ದರೆ ರದ್ದಿಯವನಿಗೆ ಹಾಕಬೇಡಿ. ಹೊರಗೆ ತೆಗೆದು ಧೂಳು ಒರೆಸಿ, ಚಾಲೂ ಆಗುತ್ತದಾ ನೋಡಿ. ಬ್ಯಾಟರಿ ಸೋರಿರಬಹುದು, ಜೋಪಾನ.